ಹಳೇ ಕಾರಿನ ಜೊತೆ ಬರುವ ಹಳೇ ಸಾಲ

ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಹೀಗಾಗಿ ನೆಂಟರಿಷ್ಟರಿಗೆಲ್ಲ ನಾನು ಎರಡೂ ಕಡೆಗೆ ಆಗಿಬರುವ ಆಸಾಮಿ. ಮನೆಯ ವೈಫೈ ಕೈಕೊಟ್ಟರೂ ನನಗೇ ಫೋನು, ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೊರಟರೂ ನನಗೇ ಫೋನು. ಕಾರಿನ ವಿಷಯಕ್ಕೆ ಬರುವ ಫೋನ್‌ಗಳಲ್ಲಿ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ. "ಹತ್ತು ವರ್ಷದ ಹಳೇ ಗಾಡಿ, ಎರಡೂವರೆ ಲಕ್ಷ ಹೇಳ್ತಿದ್ದಾರೆ. ಕೊಡಬಹುದಾ?"

ಈ ಪ್ರಶ್ನೆಗೆ ನಾನು ಹೌದು, ಇಲ್ಲ ಅಂತ ಉತ್ತರ ಕೊಡೋದೇ ಇಲ್ಲ. ತಿರುಗಿ ಒಂದು ಪ್ರಶ್ನೆ ಕೇಳ್ತೀನಿ: "ಎರಡೂವರೆ ಲಕ್ಷ ಕೊಟ್ಟ ಮೇಲೆ ನಿಮ್ಮ ಹತ್ತಿರ ಎಷ್ಟು ಉಳಿಯುತ್ತೆ?" ಹೆಚ್ಚಿನವರು ಸುಮ್ಮನಾಗ್ತಾರೆ. ಏಕೆಂದರೆ ಇದ್ದದ್ದೆಲ್ಲ ಒಟ್ಟುಮಾಡಿಯೇ ಆ ಎರಡೂವರೆ ಲಕ್ಷ ಆಗಿರುತ್ತೆ. ಸ್ಕೂಟರ್ ಮೇಲೆ ಮುಂದೊಂದು ಮಗು, ಹಿಂದೆ ಹೆಂಡತಿಯ ಮಡಿಲಲ್ಲಿ ಇನ್ನೊಂದು ಮಗು ಕೂರಿಸಿಕೊಂಡು ಮಳೆಯಲ್ಲಿ ಓಡಾಡುವ ಸಂಸಾರಕ್ಕೆ ಹಳೇ ಕಾರು ಶೋಕಿಯಲ್ಲ, ಅಗತ್ಯ. ಅದಕ್ಕೇ ಈ ತಿಂಗಳ ಅಂಕಣ ಪೂರ್ತಿ ಈ ವಿಷಯಕ್ಕೆ.

ನಮ್ಮ ಸಾಫ್ಟ್‌ವೇರ್ ಆಫೀಸುಗಳಲ್ಲಿ "ಟೆಕ್ನಿಕಲ್ ಡೆಟ್" ಅನ್ನೋ ಮಾತಿದೆ. ಇವತ್ತು ಮಾಡಬೇಕಾದ ರಿಪೇರಿಯನ್ನು ನಾಳೆಗೆ, ನಾಡಿದ್ದಿಗೆ ತಳ್ಳಿದರೆ ಅದು ಸಾಲದ ಹಾಗೆ ಬಡ್ಡಿ ಸಮೇತ ಬೆಳೆಯುತ್ತೆ. ಕೊನೆಗೆ ಅದನ್ನು ತೀರಿಸೋದು ಸಾಲ ಮಾಡಿದವನಲ್ಲ, ಅವನು ಕೆಲಸ ಬಿಟ್ಟು ಹೋದ ಮೇಲೆ ಆ ಸೀಟಿಗೆ ಬಂದು ಕೂತವನು. ಹಳೇ ಕಾರಿನದೂ ಥೇಟ್ ಇದೇ ಕಥೆ. ಮಾರುವ ಆಲೋಚನೆ ತಲೆಗೆ ಬಂದ ದಿನದಿಂದ ಓನರ್ ಖರ್ಚು ಕಡಿಮೆ ಮಾಡ್ತಾನೆ. ಟೈರು ಇನ್ನೊಂದು ವರ್ಷ ಬರುತ್ತೆ ಬಿಡು ಅಂತಾನೆ. ಎಸಿ ತಂಪು ಕಮ್ಮಿಯಾದರೆ ಕಿಟಕಿ ಇಳಿಸ್ತಾನೆ. ತಪ್ಪು ಅನ್ನೋಕಾಗಲ್ಲ, ನಾವಾದರೂ ಹಾಗೇ ಮಾಡ್ತೀವಿ. ಆದರೆ ಕೊಳ್ಳುವಾಗ ನಾವು ಕಾರಿನ ಜೊತೆಗೆ ಆ ಬಾಕಿಯನ್ನೂ ಕೊಳ್ತಾ ಇದ್ದೀವಿ ಅನ್ನೋದು ನೆನಪಿರಬೇಕು.

ಚಿಕ್ಕಪ್ಪನ ಲೆಕ್ಕದ ಪುಸ್ತಕ

ತಿಪಟೂರಿನಲ್ಲಿರುವ ನಮ್ಮ ಚಿಕ್ಕಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಚಿಕ್ಕಮ್ಮನನ್ನು ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಕರೆತರಬೇಕಿತ್ತು. ಬಸ್ಸಿನಲ್ಲಿ ಕೂತರೆ ಆಕೆಗೆ ಕಾಲು ಊದಿಕೊಳ್ಳುತ್ತಿತ್ತು. ಮೂರು ವರ್ಷದ ಹಿಂದೆ 3 ಲಕ್ಷ ರೂಪಾಯಿ ಎತ್ತಿಟ್ಟು ಕಾರು ಹುಡುಕೋಕೆ ಶುರುಮಾಡಿದರು. ನಾನು ಹಾಕಿದ ಷರತ್ತು ಒಂದೇ: "ಚಿಕ್ಕಪ್ಪ, ಈ ಮೂರು ಲಕ್ಷದಲ್ಲಿ ಐದನೇ ಒಂದು ಭಾಗ ನೀವು ಮುಟ್ಟಬಾರದು. 60 ಸಾವಿರ ಬ್ಯಾಂಕಲ್ಲೇ ಇರಲಿ. ಕಾರಿನ ರೇಟು 2 ಲಕ್ಷ 40 ಸಾವಿರದ ಒಳಗೇ ಇರಬೇಕು."

ಸಿಕ್ಕಿದ್ದು 2013ರ ಮಾಡೆಲ್, 1.1 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಒಬ್ಬರೇ ಓನರ್, 68,000 ಕಿ.ಮೀ. ಓಡಿತ್ತು. 2,35,000 ರೂಪಾಯಿಗೆ ಮುಗೀತು. ಮೇಷ್ಟ್ರಾದ್ದರಿಂದ ಪ್ರತಿ ಬಿಲ್ಲನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಮೊದಲ ವರ್ಷದ ಪುಟ ಹೀಗಿದೆ:

ಇಂಜಿನ್ ಆಯಿಲ್, ಫಿಲ್ಟರ್‌ಗಳು, ಸ್ಪಾರ್ಕ್ ಪ್ಲಗ್, ಕೂಲಂಟ್, ಬ್ರೇಕ್ ಆಯಿಲ್ – 6,200
ನಾಲ್ಕು ಟೈರು – 16,400
ಬ್ಯಾಟರಿ – 4,600
ಮುಂದಿನ ಸಸ್ಪೆನ್ಷನ್ ಬುಶ್, ಲಿಂಕ್ ರಾಡ್, ಅಲೈನ್‌ಮೆಂಟ್ – 7,300
ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ – 8,500
ಎಸಿ ಕೂಲಿಂಗ್ ಕಾಯಿಲ್, ಗ್ಯಾಸ್ – 7,800

ಒಟ್ಟು 50,800 ರೂಪಾಯಿ. ಕಾರಿನ ರೇಟಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಆ ವರ್ಷ ಚಿಕ್ಕಪ್ಪ ಫೋನ್ ಮಾಡಿದಾಗಲೆಲ್ಲ ಒಂದೇ ರಾಗ: "ಲೋ, ನಾನು ಕಾರು ತಗೊಂಡಿದ್ದೋ, ಹಸು ಕಟ್ಟಿದ್ದೋ? ಬರೀ ಮೇವಿಗೇ ಹಾಕ್ತಾ ಇದ್ದೀನಲ್ಲೋ!"

ಆದರೆ ಮುಂದಿನ ಪುಟಗಳನ್ನೂ ನೋಡಬೇಕು. ಎರಡನೇ ವರ್ಷ ಖರ್ಚಾಗಿದ್ದು 9,600: ಒಂದು ಸರ್ವಿಸ್, ಬ್ರೇಕ್ ಪ್ಯಾಡ್, ಇಲಿ ಕಡಿದ ವೈರಿನ ರಿಪೇರಿ. ಮೂರನೇ ವರ್ಷ 13,900, ಅದರಲ್ಲಿ 8,900 ಕ್ಲಚ್‌ಗೆ. ಅಂದರೆ ಹಳೇ ಬಾಕಿ ಒಂದು ಸಲ ತೀರಿದ ಮೇಲೆ ಕಾರು ಸುಮ್ಮನೆ ಓಡ್ತಾ ಇದೆ. ಮೂರು ವರ್ಷದ ಸರಾಸರಿ ವರ್ಷಕ್ಕೆ ಸುಮಾರು 25,000 ರೂಪಾಯಿ. ಎತ್ತಿಟ್ಟ ದುಡ್ಡು ಇಲ್ಲದೇ ಹೋಗಿದ್ದರೆ ಮೊದಲ ವರ್ಷವೇ ಟೈರು, ಬೆಲ್ಟು ಮುಂದಕ್ಕೆ ಹೋಗ್ತಿತ್ತು, ಬಾಕಿ ಇನ್ನಷ್ಟು ಬೆಳೀತಿತ್ತು. ರೋಗಿಯನ್ನು ಕೂರಿಸಿಕೊಂಡು ಹೈವೇಯಲ್ಲಿ ಕಾರು ನಿಂತರೆ ಅದರ ಬೆಲೆ ಯಾವ ಬಿಲ್ಲಿನಲ್ಲೂ ಬರಲ್ಲ.

ವಯಸ್ಸಾದ ಕಾರಿಗೆ ಬರುವ ಕಾಯಿಲೆಗಳು

ಸಣ್ಣ ಕಾರುಗಳ ಪೆಟ್ರೋಲ್ ಇಂಜಿನ್‌ಗಳು ಗಟ್ಟಿ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದ್ದರೆ ಲಕ್ಷ ಕಿಲೋಮೀಟರ್ ದಾಟಿದರೂ ಹೆದರಬೇಕಿಲ್ಲ. ಹತ್ತು ವರ್ಷದ ಕಾರಿನಲ್ಲಿ ಮೊದಲು ಸೋಲೋದು ಕಬ್ಬಿಣವಲ್ಲ, ರಬ್ಬರು. ಬುಶ್, ಇಂಜಿನ್ ಮೌಂಟಿಂಗ್, ಹೋಸ್ ಪೈಪು, ಆಯಿಲ್ ಸೀಲು, ಬೆಲ್ಟು, ಟೈರು ಎಲ್ಲ ರಬ್ಬರೇ. ರಬ್ಬರು ಓಡಿದರೂ ಸವೆಯುತ್ತೆ, ನಿಂತರೂ ಒಣಗಿ ಬಿರುಕು ಬಿಡುತ್ತೆ. ಅದಕ್ಕೇ "ಬರೀ 25,000 ಓಡಿದೆ ಸಾರ್, ಮನೆ ಮುಂದೆ ನಿಂತೇ ಇತ್ತು" ಅನ್ನೋ ಮಾತು ಕೇಳಿ ಹಿಗ್ಗಬೇಡಿ.

ಟೈಮಿಂಗ್ ಬೆಲ್ಟ್ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಇಂಜಿನ್ನಿನ ವಾಲ್ವುಗಳು ಪಿಸ್ಟನ್ ಜೊತೆ ತಾಳ ತಪ್ಪದ ಹಾಗೆ ನೋಡಿಕೊಳ್ಳೋದು ಇದೇ. ಕೆಲವು ಇಂಜಿನ್‌ಗಳಲ್ಲಿ ಈ ಕೆಲಸಕ್ಕೆ ಲೋಹದ ಚೈನ್ ಇರುತ್ತೆ, ಕೆಲವದರಲ್ಲಿ ರಬ್ಬರ್ ಬೆಲ್ಟ್. ಸ್ಯಾಂಟ್ರೋ ಜಿಂಗ್, 1.1 ಲೀಟರಿನ ಐ10 ಬೆಲ್ಟಿನವು. 1.2 ಲೀಟರಿನ ಕಪ್ಪ ಇಂಜಿನ್ನಿನ ಐ10, ಮಾರುತಿಯ ಕೆ-ಸೀರೀಸ್ ಇಂಜಿನ್ನಿನ ವ್ಯಾಗನ್-ಆರ್, ಸ್ವಿಫ್ಟ್ ಚೈನಿನವು. ಚೈನಿಗೆ ಸಾಮಾನ್ಯವಾಗಿ ಇಂಜಿನ್ನಿನಷ್ಟೇ ಆಯಸ್ಸು, ಆದರೆ ಆಯಿಲ್ ಬದಲಿಸದೆ ಓಡಿಸಿದರೆ ಅದೂ ಸಡಿಲವಾಗಿ ಸದ್ದು ಮಾಡುತ್ತೆ. ಬೆಲ್ಟನ್ನು ಮಾತ್ರ ಮ್ಯಾನ್ಯುಯಲ್‌ನಲ್ಲಿ ಹೇಳಿರುವ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲು ಬರುತ್ತೋ ಆಗ ಬದಲಿಸಲೇಬೇಕು. ಓಡುವಾಗ ಅದು ಹರಿದರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗುತ್ತೆ. ಆಮೇಲೆ ಎಂಟು ಸಾವಿರದ ಕೆಲಸ ಮೂವತ್ತು, ನಲವತ್ತು ಸಾವಿರಕ್ಕೆ ಹೋಗಿ ನಿಲ್ಲುತ್ತೆ. ಬದಲಿಸಿದ ಬಿಲ್ ಓನರ್ ತೋರಿಸದಿದ್ದರೆ, ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ.

ಇನ್ನು ನಮ್ಮ ರಸ್ತೆಗಳ ಕೊಡುಗೆ ಸಸ್ಪೆನ್ಷನ್ ಕೆಲಸ. ಹಂಪ್ ಹತ್ತಿ ಇಳಿಯುವಾಗ ಮುಂದಿನಿಂದ ಟಕ್ ಟಕ್ ಅಂದರೆ ಲಿಂಕ್ ರಾಡ್, ಬುಶ್, ಸ್ಟ್ರಟ್ ಮೌಂಟ್ ಇವುಗಳಲ್ಲೊಂದು ಹೋಗಿದೆ. ಬಿಟ್ಟರೆ ಟೈರು ಒಂದೇ ಕಡೆ ಸವೆಯುತ್ತೆ.

ಕೂಲಿಂಗ್ ವ್ಯವಸ್ಥೆಯ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ರೇಡಿಯೇಟರಿಗೆ ಕೂಲಂಟ್ ಬದಲು ನಲ್ಲಿ ನೀರು ಸುರಿದು ಓಡಿಸಿದ ಕಾರುಗಳು ಬೇಕಾದಷ್ಟಿವೆ. ಅದರಿಂದ ಒಳಗೆ ತುಕ್ಕು ಕಟ್ಟುತ್ತೆ, ಟ್ರಾಫಿಕ್ಕಿನಲ್ಲಿ ಇಂಜಿನ್ ಕಾಯುತ್ತೆ, ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಟೆಂಪರೇಚರ್ ಮುಳ್ಳು ಮೇಲೇರಿದ ತಕ್ಷಣ ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಬೇಕು. "ಇನ್ನೊಂದೇ ಕಿಲೋಮೀಟರ್" ಅಂದುಕೊಂಡು ಓಡಿಸೋದು ತುಂಬಾ ದುಬಾರಿ.

ಎಸಿಯಲ್ಲಿ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕಾಗಿ ಬಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಮೊದಲು ಲೀಕ್ ಹುಡುಕಿಸಿ, ಆಮೇಲೆ ಗ್ಯಾಸ್. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುವಂಥದ್ದು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಘಟ್ಟ ಇಳಿಯುವಾಗ ಬಿಸಿಗೆ ಆ ತೇವ ಆವಿಯಾದರೆ ಪೆಡಲ್ ಮೆತ್ತಗಾಗಿ ಬ್ರೇಕೇ ಹಿಡಿಯಲ್ಲ.

ನೋಡೋಕೆ ಹೋದಾಗ

ಬೆಳಿಗ್ಗೆ ಹೊತ್ತು ಹೋಗಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳಿ. ತಣ್ಣಗಿರುವ ಇಂಜಿನ್ ಸುಳ್ಳು ಹೇಳಲ್ಲ. ಸ್ಟಾರ್ಟ್ ಮಾಡಿದಾಗ ಬರುವ ಹೊಗೆ ನೋಡಿ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಕುಡೀತಿದೆ. ಬೆಳಗಿನ ಚಳಿಗೆ ಸ್ವಲ್ಪ ಬಿಳಿ ಆವಿ ಬರೋದು ಸಹಜ. ಬಿಸಿಯಾದ ಮೇಲೂ ದಟ್ಟವಾಗಿ ಬಿಳಿ ಹೊಗೆ ಬರ್ತಾನೇ ಇದ್ದರೆ ಕೂಲಂಟ್ ಒಳಗೆ ಹೋಗ್ತಿದೆ. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಕೆಳಗೆ ಹಾಲು ಕಾಫಿಯ ಬಣ್ಣದ ಜಿಡ್ಡು ಕಂಡರೆ ನೀರು, ಆಯಿಲ್ ಬೆರೆತಿರಬಹುದು. ಆ ಕಾರು ಬೇಡ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತೆ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟೇ ಆಳವಿದ್ದರೂ ಆರೇಳು ವರ್ಷ ದಾಟಿದ ಟೈರಿಗೆ ರೇಟಿನಲ್ಲಿ ದುಡ್ಡು ಕಡಿಯಿರಿ.

ಮೀಟರ್ ತಿರುಗಿಸುವ ಕೆಲಸ ಇವತ್ತಿಗೂ ನಡೀತಿದೆ. ಮೀಟರಿನಲ್ಲಿ 40,000 ಇದ್ದು, ಕ್ಲಚ್ ಪೆಡಲಿನ ರಬ್ಬರು ನುಣ್ಣಗಾಗಿ, ಸ್ಟೇರಿಂಗ್ ಮಿರಮಿರ ಹೊಳೀತಿದ್ದರೆ ಅನುಮಾನ ಪಡಿ. ಸರ್ವಿಸ್ ಬಿಲ್ಲುಗಳಲ್ಲಿ ದಿನಾಂಕದ ಪಕ್ಕ ಕಿಲೋಮೀಟರ್ ಬರೆದಿರುತ್ತೆ, ತಾಳೆ ನೋಡಿ.

ಪ್ರವಾಹದಲ್ಲಿ ಮುಳುಗೆದ್ದ ಕಾರುಗಳೂ ಮಾರುಕಟ್ಟೆಗೆ ಬರ್ತವೆ. 2015ರ ಡಿಸೆಂಬರಿನ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ನಮ್ಮದೇ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬೇಸ್‌ಮೆಂಟುಗಳು ನೆನಪಿರಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೀರು ಕುಡಿದಿದೆ. ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು ಅದರ ಗುಂಡಿಯನ್ನೂ ನೋಡಿ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಉಪ್ಪುಗಾಳಿಗೆ ಕೆಳಭಾಗ ತುಕ್ಕು ಹಿಡಿದಿರುತ್ತಾ ಅಂತ ರ್‍ಯಾಂಪ್ ಮೇಲೆ ಹತ್ತಿಸಿಯೇ ನೋಡಬೇಕು.

ನನ್ನ ಬ್ಯಾಗಿನಲ್ಲಿ ಸಾವಿರ ರೂಪಾಯಿಯ ಒಂದು ಬ್ಲೂಟೂತ್ ಸ್ಕ್ಯಾನರ್ ಇರುತ್ತೆ. ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಸಿಕ್ಕಿಸಿದರೆ ಇಂಜಿನ್ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳು ಮೊಬೈಲಿನಲ್ಲಿ ಕಾಣುತ್ತವೆ. ಏನೂ ಇಲ್ಲದಿದ್ದರೆ ಒಳ್ಳೇದೇ, ಆದರೆ ಇನ್ನೊಂದು ಪುಟ ನೋಡಬೇಕು: ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು ಮುಗಿಸಿದೆಯಾ ಅನ್ನೋದು. ಬಹುಪಾಲು ಪರೀಕ್ಷೆಗಳು "ಇನ್ನೂ ಆಗಿಲ್ಲ" ಅಂತ ತೋರಿಸಿದರೆ, ನಿಮಗೆ ತೋರಿಸುವ ಸ್ವಲ್ಪ ಮೊದಲು ಯಾರೋ ದೋಷ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು. ಕಾರಣ ಕೇಳಿ.

ಇಷ್ಟೆಲ್ಲ ನಿಮ್ಮಿಂದ ಆಗಲ್ಲ ಅಂದರೆ ನಂಬಿಕಸ್ಥ ಮೆಕ್ಯಾನಿಕ್‌ಗೆ ಸಾವಿರ, ಸಾವಿರದೈನೂರು ಕೊಟ್ಟು ಕರ್ಕೊಂಡು ಹೋಗಿ. ಕಾರು ಕೊಡಿಸಿದರೆ ಕಮಿಷನ್ ಸಿಗುವ ಮೆಕ್ಯಾನಿಕ್ ಬೇಡ. ನೋಡಿದ್ದಕ್ಕೆ ಕೂಲಿ ತಗೊಳ್ಳುವವನು ಬೇಕು.

ಕಾಗದ ಪತ್ರದಲ್ಲಿ ಅಡಗಿರುವ ಬಾಕಿ

ಆರ್‌ಸಿ ಮೇಲಿನ ಮೊದಲ ದಿನಾಂಕ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮಾತ್ರ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ ಕಾರುಗಳಿಗೆ 5,000 ಆಯಿತು. ಅದರ ಮೇಲೆ ಫಿಟ್‌ನೆಸ್‌ಗೆ ಪಾಸಾಗೋಕೆ ಬಾಡಿ ಕೆಲಸ, ಲೈಟು, ಬ್ರೇಕು ಎಲ್ಲ ಸರಿಮಾಡಿಸುವ ಖರ್ಚು. 13 ವರ್ಷದ ಕಾರು ತಗೊಳ್ಳುವವರು ಇನ್ನೆರಡು ವರ್ಷದಲ್ಲಿ ಇದು ಬಾಗಿಲಿಗೆ ಬರುತ್ತೆ ಅಂತ ಮೊದಲೇ ಲೆಕ್ಕ ಇಟ್ಟುಕೊಳ್ಳಬೇಕು.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರಂ 35 ಬೇಕು. ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತ ಗಾಡಿ ನಂಬರ್ ಹಾಕಿ ಆನ್‌ಲೈನಲ್ಲೇ ನೋಡಬಹುದು. ಬೆಂಗಳೂರಿನ ಕ್ಯಾಮೆರಾಗಳ ಕೃಪೆಯಿಂದ ಕೆಲವು ಕಾರುಗಳ ಮೇಲೆ ಒಳ್ಳೇ ಮೊತ್ತವೇ ಇರುತ್ತೆ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ. ದೆಹಲಿ ನೋಂದಣಿಯ ಕಾರು ಅಗ್ಗ ಅಂತ ತಂದರೆ ಎನ್‌ಒಸಿ, ಮರುನೋಂದಣಿ, ಕರ್ನಾಟಕದ ತೆರಿಗೆ ಎಲ್ಲ ಸೇರಿ ಆ ಅಗ್ಗ ಕರಗಿಹೋಗುತ್ತೆ.

ಹೆಸರು ಬದಲಾವಣೆಯನ್ನು "ಆಮೇಲೆ ಮಾಡೋಣ" ಅಂತ ಬಿಡಬೇಡಿ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾನೂನೇ ಹೇಳುತ್ತೆ. ಫಾರಂ 29, ಫಾರಂ 30 ಇದಕ್ಕೇ ಇರೋದು. ಇದು ಮಾರುವವರಿಗೆ ಇನ್ನೂ ಮುಖ್ಯ. ಅಪಘಾತವಾದಾಗ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಮೂರ್ನಾಲ್ಕು ಕೈ ದಾಟಿತ್ತು. ಆದರೂ ಹೊಣೆ ಬಿದ್ದದ್ದು ಮೊದಲಿನವರ ಮೇಲೆ.

ವಿಮೆಯಲ್ಲಿ ಎರಡು ವಿಷಯ. ನೋ ಕ್ಲೇಮ್ ಬೋನಸ್ ವ್ಯಕ್ತಿಯದು, ಕಾರಿನದಲ್ಲ. ಹಳೇ ಓನರಿನ 50% ರಿಯಾಯಿತಿ ನಿಮಗೆ ಬರಲ್ಲ, ಹಾಗಾಗಿ ನಿಮ್ಮ ಮೊದಲ ಪ್ರೀಮಿಯಂ ಅವರು ತೋರಿಸಿದ ರಸೀದಿಗಿಂತ ಹೆಚ್ಚೇ ಇರುತ್ತೆ. ಎರಡನೆಯದು, ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮ್ ಮಾಡಿದಾಗ ರಬ್ಬರ್, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ 50% ಕಡಿತ ಮಾಡ್ತಾರೆ. ಕಾರಿಗೆ ಹತ್ತು ವರ್ಷ ದಾಟಿದರೆ ಲೋಹದ ಭಾಗಗಳಿಗೂ 50% ಕಡಿತ. ವಿಮೆ ಇದೆಯಲ್ಲ ಅಂತ ನಿಶ್ಚಿಂತೆಯಾಗಿರೋಕೆ ಆಗಲ್ಲ, ಬಿಲ್ಲಿನ ದೊಡ್ಡ ಪಾಲು ನಿಮ್ಮ ಜೇಬಿನದೇ.

ಎಥನಾಲ್ ಬೆರೆತ ಪೆಟ್ರೋಲ್

ಈಗ ಬಂಕುಗಳಲ್ಲಿ ಸಿಗ್ತಿರೋದು 20% ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲ್ ನಂತರದ ಕಾರುಗಳ ಭಾಗಗಳನ್ನು ಇದಕ್ಕೆ ಹೊಂದುವ ಹಾಗೆ ಮಾಡಿದ್ದಾರೆ. ಹಿಂದಿನವುಗಳಲ್ಲಿ ಇಂಧನ ಪೈಪಿನ ರಬ್ಬರು, ಸೀಲುಗಳು ಬೇಗ ಹಾಳಾಗಬಹುದು. ಮೊದಲು ಶುದ್ಧ ಪೆಟ್ರೋಲಿಗೆ ರೂಪಿಸಿ, ಆಮೇಲೆ 10% ಎಥನಾಲಿಗೆ ಹೊಂದಿಸಿದ ಕಾರುಗಳ ಮೈಲೇಜು 6ರಿಂದ 7% ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಹೆದರಬೇಕಿಲ್ಲ. ಪ್ರತಿ ಸರ್ವಿಸಿನಲ್ಲೂ ಇಂಧನ ಪೈಪು ನೋಡಿಸಿ, ಪೆಟ್ರೋಲ್ ವಾಸನೆ ಬಂದರೆ ತಡ ಮಾಡಬೇಡಿ, ತಿಂಗಳುಗಟ್ಟಲೆ ಗಾಡಿ ನಿಲ್ಲಿಸಬೇಡಿ. ಮಾರುವವರು ಹೇಳುವ ಹಳೇ ಮೈಲೇಜನ್ನು ಮಾತ್ರ ಹಾಗೇ ನಂಬಬೇಡಿ.

ಕಿಲೋಮೀಟರಿಗೆ ಎಷ್ಟು ಬೀಳುತ್ತೆ?

ಈಗ ಅಸಲು ಲೆಕ್ಕ. ಚಿಕ್ಕಪ್ಪನ ಕಾರನ್ನು ಈಗ ಮಾರಿದರೆ ಸುಮಾರು 1,60,000 ಸಿಗಬಹುದು. ಮೂರು ವರ್ಷದಲ್ಲಿ ಇಳಿದದ್ದು 75,000, ಅಂದರೆ ವರ್ಷಕ್ಕೆ 25,000. ರಿಪೇರಿ ಸರಾಸರಿ 25,000. ವಿಮೆ ಸುಮಾರು 7,500. ಕಾರು ಮನೆ ಮುಂದೆ ನಿಂತಿದ್ದರೂ ಹೆಚ್ಚುಕಡಿಮೆ ಇಷ್ಟು, ಅಂದರೆ 57,500 ರೂಪಾಯಿ, ವರ್ಷಕ್ಕೆ ಹೋಗೇ ಹೋಗುತ್ತೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಮೈಲೇಜು 15 ಅಂತ ಇಟ್ಟರೆ ಕಿಲೋಮೀಟರಿಗೆ 6 ರೂಪಾಯಿ 87 ಪೈಸೆ.

ವರ್ಷಕ್ಕೆ 8,000 ಕಿ.ಮೀ. ಓಡಿಸಿದರೆ ಎಲ್ಲ ಸೇರಿ ಕಿಲೋಮೀಟರಿಗೆ ಸುಮಾರು 14 ರೂಪಾಯಿ. 5,500 ಓಡಿಸಿದರೆ 17. ಬರೀ 2,000 ಓಡಿಸಿದರೆ ಸುಮಾರು 36 ರೂಪಾಯಿ! ಹೋಲಿಕೆಗೆ ಒಂದು ಅಂಕಿ ನೋಡಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ನಿಗದಿ ಮಾಡಿದ ಟ್ಯಾಕ್ಸಿ ದರದಲ್ಲಿ, 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಅಂದರೆ ವರ್ಷಕ್ಕೆ ಸುಮಾರು 3,400 ಕಿಲೋಮೀಟರಿಗಿಂತ ಕಡಿಮೆ ಓಡಿಸುವವರಿಗೆ ಸ್ವಂತ ಹಳೇ ಕಾರಿಗಿಂತ ಟ್ಯಾಕ್ಸಿಯೇ ಅಗ್ಗ. ಬೆಂಗಳೂರಿನಲ್ಲಿ ಮೆಟ್ರೋದಲ್ಲಿ ಆಫೀಸಿಗೆ ಹೋಗಿ, ಭಾನುವಾರ ಮಾತ್ರ ಕಾರು ತೆಗೆಯುವವರು ಈ ಲೆಕ್ಕ ಒಂದು ಸಲ ಮಾಡಿ ನೋಡಬೇಕು.

ತಿಪಟೂರಿನಿಂದ ಬೆಂಗಳೂರಿಗೆ ಹೋಗಿಬರಲು ಸುಮಾರು 280 ಕಿ.ಮೀ. ತಿಂಗಳಿಗೊಂದು ಸಲ ಅಂದರೂ ಆಸ್ಪತ್ರೆ ಓಡಾಟವೇ 3,300 ದಾಟುತ್ತೆ, ಊರ ಓಡಾಟ ಬೇರೆ. ರಾತ್ರಿ ಎರಡು ಗಂಟೆಗೆ ಮೊಬೈಲ್ ಒತ್ತಿದರೆ ಬರುವ ಟ್ಯಾಕ್ಸಿ ಅಲ್ಲಿಲ್ಲ. ಹಾಗಾಗಿ ಚಿಕ್ಕಪ್ಪನಿಗೆ ಕಾರು ಲೆಕ್ಕದಲ್ಲೂ ಸರಿ, ಅಗತ್ಯದಲ್ಲೂ ಸರಿ. ನಿಮ್ಮ ಮನೆಯ ಉತ್ತರ ಬೇರೆ ಇರಬಹುದು. ಮುಖ್ಯ ಏನಂದರೆ ಕಾರಿನ ರೇಟು ಕೇಳುವ ಮೊದಲು ನಿಮ್ಮ ವರ್ಷದ ಕಿಲೋಮೀಟರ್ ಬರೆದುಕೊಳ್ಳಬೇಕು.

ಆಮೇಲೆ ಹಾಕಿಸಲಾಗದ ವಸ್ತು

ಟೈರು, ಬೆಲ್ಟು, ಕ್ಲಚ್ಚು ದುಡ್ಡು ಕೊಟ್ಟರೆ ಹೊಸದು ಬರುತ್ತೆ. ಏರ್‌ಬ್ಯಾಗ್, ಎಬಿಎಸ್ ಆಮೇಲೆ ಹಾಕಿಸೋಕಾಗಲ್ಲ. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ. ಪಕ್ಕದ ಸೀಟಿನದು ಎಲ್ಲ ಕಾರುಗಳಿಗೂ ಬಂದದ್ದು 2022ರ ಜನವರಿಯಿಂದ. ಅದಕ್ಕೂ ಹಿಂದಿನ ಸಣ್ಣ ಕಾರುಗಳ ಕೆಳಗಿನ ವೇರಿಯೆಂಟುಗಳಲ್ಲಿ ಇವು ಯಾವುದೂ ಇಲ್ಲದಿರೋದೇ ಹೆಚ್ಚು. ಅದೇ ಮಾಡೆಲಿನ ಮೇಲಿನ ವೇರಿಯೆಂಟಿನಲ್ಲಿ ಇರುತ್ತೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡರ ನಡುವಿನ ವ್ಯತ್ಯಾಸ ಇಪ್ಪತ್ತು, ಮೂವತ್ತು ಸಾವಿರ ಇರಬಹುದು. ಅಲಾಯ್ ವೀಲು, ದೊಡ್ಡ ಸ್ಕ್ರೀನು ಬಿಟ್ಟು ಇದಕ್ಕೆ ಕೊಡಿ.

ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತಿಯೇ ಇದ್ದರೆ ದೋಷವಿದೆ. ಹತ್ತಲೇ ಇಲ್ಲ ಅಂದರೆ ದೋಷ ಕಾಣದಿರಲಿ ಅಂತ ಯಾರೋ ದೀಪವನ್ನೇ ತೆಗೆದಿರಬಹುದು. ಏರ್‌ಬ್ಯಾಗ್ ಇದ್ದರೂ ಇಲ್ಲದಿದ್ದರೂ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು. ಹಳೇ ಕಾರಿನಲ್ಲಿ ಸೀಟ್ ಕವರ್ ಕೆಳಗೆ ಹೂತುಹೋದ ಹಿಂದಿನ ಬೆಲ್ಟುಗಳನ್ನು ಹೊರಗೆ ತೆಗೆಯೋದು ಕಾಸು ಖರ್ಚಿಲ್ಲದ ಕೆಲಸ.

ಯಾವಾಗ ಕೈಬಿಡೋದು?

ಕೊನೆಯ ಪ್ರಶ್ನೆ ಇದು. "ಇಷ್ಟು ಹಾಕಿದ್ದೀನಲ್ಲ, ಇನ್ನು ಬಿಟ್ಟರೆ ನಷ್ಟ" ಅನ್ನೋದು ಸರಿಯಾದ ಲೆಕ್ಕವಲ್ಲ. ಹಾಕಿದ್ದು ಹೋಯಿತು, ಮುಂದೆ ಹಾಕಬೇಕಾದ್ದು ಮಾತ್ರ ನೋಡಿ. ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಒಂದೇ ರಿಪೇರಿಯ ಅಂದಾಜು ಕಾರಿನ ಈಗಿನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ, ಅಥವಾ ಒಂದು ವರ್ಷದಲ್ಲಿ ಮೂರು ಸಲ ದಾರಿಯಲ್ಲಿ ನಿಲ್ಲಿಸಿದರೆ, ಅಥವಾ ಸಸ್ಪೆನ್ಷನ್ ಕೂರುವ ಜಾಗದಲ್ಲಿ ತುಕ್ಕು ತಿಂದಿದ್ದರೆ, ಮಾರಿಬಿಡಿ. ಬಂಪರ್ ಗೀರು, ಹಾರಿದ ಪೇಂಟು, ಕಿರಗುಟ್ಟುವ ಡ್ಯಾಶ್‌ಬೋರ್ಡ್ ಇವಕ್ಕೆಲ್ಲ ಕಾರು ಬದಲಿಸಬೇಕಿಲ್ಲ.

ಹೊಸದಾಗಿ ಕೊಳ್ಳುವವರಿಗೆ ಚೌಕಾಸಿಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಸೆಸ್ ಸೇರಿ 29% ಇದ್ದದ್ದು 18%ಗೆ ಇಳಿಯಿತು. ಹೊಸ ಕಾರೇ ಅಗ್ಗವಾದಾಗ ಹಳೇ ಕಾರಿಗೆ ಹಳೇ ರೇಟು ಕೊಡಬೇಕಿಲ್ಲ. ನಿಮ್ಮ ಚೀಟಿಯಲ್ಲಿ ಟೈರು ಇಷ್ಟು, ಬೆಲ್ಟು ಇಷ್ಟು, ಬ್ಯಾಟರಿ ಇಷ್ಟು ಅಂತ ಬರೆದು ಅದನ್ನು ಮುಂದಿಟ್ಟು ಮಾತಾಡಿ. ಬರೀ "ಸ್ವಲ್ಪ ಕಮ್ಮಿ ಮಾಡಿ" ಅಂದರೆ ಐದು ಸಾವಿರ ಇಳಿಯುತ್ತೆ. ಬಾಕಿಯ ಪಟ್ಟಿ ಓದಿ ಹೇಳಿದರೆ ಇಪ್ಪತ್ತು ಸಾವಿರವೂ ಇಳಿಯುತ್ತೆ. ಹಾಗೆ ಉಳಿದ ದುಡ್ಡಿನಲ್ಲಿ ಸೀಟ್ ಕವರ್ ತಗೋಬೇಡಿ. ಅದನ್ನು ಎತ್ತಿಟ್ಟ ಐದನೇ ಒಂದು ಭಾಗದ ಜೊತೆಗೇ ಸೇರಿಸಿ. ಮೊದಲ ಮಳೆಗಾಲ ಮುಗಿಯೋದರೊಳಗೆ ಅದು ಬೇಕಾಗುತ್ತೆ.